ಸಾಲಿಡ್‌ವರ್ಕ್ಸ್ ಮಾಡೆಲ್ ಅನ್ನು ಪವರ್‌ಪಾಯಿಂಟ್‌ನಲ್ಲಿ ತಿರುಗಿಸಿ ತೋರಿಸುವುದು ಹೇಗೆ?

ನೀವು ಕೇಳಿದ್ದು: ಪುಣೆ ಹತ್ತಿರದ ಚಾಕಣ್‌ನ ಗ್ರಾಹಕರಿಗೆ ಫಿಕ್ಸ್ಚರ್ (ಕೆಲಸ ಮಾಡುವಾಗ ಬಿಡಿಭಾಗವನ್ನು ಅಲುಗದಂತೆ ಹಿಡಿದಿಡುವ ಸಾಧನ) ತೋರಿಸಬೇಕು, ಸ್ಟೆಪ್ ಫೈಲ್ (ಸಾಲಿಡ್‌ವರ್ಕ್ಸ್‌ನಂಥ 3ಡಿ ವಿನ್ಯಾಸ ತಂತ್ರಾಂಶ ಕೊಡುವ ಮಾಡೆಲ್ ಫೈಲ್) ಸ್ಲೈಡ್‌ಗೆ ಹೋಗುತ್ತಿಲ್ಲ, ಏನು ಮಾಡಲಿ ಅಂತ. ನಾನೂ ಅಲ್ಲೇ ಪುಣೆಯ ಭೋಸರಿಯಲ್ಲಿ ಇದೇ ಕೆಲಸದಲ್ಲಿದ್ದೇನೆ.

ಪವರ್‌ಪಾಯಿಂಟ್ ಸ್ಟೆಪ್ ಫೈಲ್ ತೆಗೆದುಕೊಳ್ಳುವುದಿಲ್ಲ. ಜಿಎಲ್‌ಬಿ, 3ಎಂಎಫ್, ಎಫ್‌ಬಿಎಕ್ಸ್, ಒಬಿಜೆ, ಎಸ್‌ಟಿಎಲ್ ಎಂಬ 3ಡಿ ಫೈಲ್ ಬಗೆಗಳನ್ನು ತೆಗೆದುಕೊಳ್ಳುತ್ತದೆ. ಎಸ್‌ಟಿಎಲ್ ಸುಲಭ ಅಂತ ಅದನ್ನೇ ಹಾಕಬೇಡಿ, ಬಣ್ಣ ಹೋಗಿಬಿಡುತ್ತದೆ. ಕ್ಲ್ಯಾಂಪ್ ಯಾವುದು, ಲೊಕೇಟರ್ ಪಿನ್ ಯಾವುದು ಗೊತ್ತಾಗದೆ ಎಲ್ಲಾ ಒಂದೇ ಬೂದು ಮುದ್ದೆ. ಜಿಎಲ್‌ಬಿ ಒಳ್ಳೆಯದು.

ಇನ್ಸರ್ಟ್‌ಗೆ ಹೋಗಿ 3ಡಿ ಮಾಡೆಲ್ಸ್ ಒತ್ತಿ, ಫೈಲ್ ಆರಿಸಿ. ಮಾಡೆಲ್ ಮಧ್ಯದಲ್ಲಿ ಒಂದು ಹಿಡಿಕೆ ಕಾಣುತ್ತದೆ, ಅದನ್ನು ಎಳೆದರೆ ತಿರುಗುತ್ತದೆ. ಆದರೆ ಇದು ಎಡಿಟ್ ಮಾಡುವಾಗಿನ ಮಾತು. ಸ್ಲೈಡ್ ಶೋ ನಡೆಯುವಾಗ ತಿರುಗಬೇಕಾದರೆ ಮಾರ್ಫ್ ಬಳಸಿ: ಸ್ಲೈಡ್ ಡೂಪ್ಲಿಕೇಟ್ ಮಾಡಿ, ಎರಡನೆಯದರಲ್ಲಿ ಮಾಡೆಲ್ ತಿರುಗಿಸಿ, ಅದಕ್ಕೆ ಮಾರ್ಫ್ ಟ್ರಾನ್ಸಿಷನ್ ಕೊಡಿ. ನೋಡೋಕೆ ವಿಡಿಯೊ ಥರ ಇರುತ್ತದೆ. ಇದಕ್ಕೆ ಪವರ್‌ಪಾಯಿಂಟ್ 2019 ಅಥವಾ ಅದರ ನಂತರದ್ದು, ಇಲ್ಲವೇ 365 ಆವೃತ್ತಿ ಬೇಕು. ಗ್ರಾಹಕರ ಮೀಟಿಂಗ್ ರೂಮಿನ ಹಳೇ ಕಂಪ್ಯೂಟರ್‌ನಲ್ಲಿ ಬರೀ ಚಿತ್ರ ಕಾಣುತ್ತದೆ. ನನಗೆ ಒಮ್ಮೆ ಹಾಗಾಗಿ ಮುಖ ಸಣ್ಣದಾಗಿತ್ತು. ಆಮೇಲಿಂದ ಸ್ವಂತ ಲ್ಯಾಪ್‌ಟಾಪೇ ಒಯ್ಯುತ್ತೇನೆ.

"ಈ ಬೋಲ್ಟ್ ತೋರಿಸಿ" ಅಂತ ನಡುವೆ ಕೇಳುವವರಿದ್ದರೆ ಸ್ಲೈಡ್‌ನಲ್ಲಿ ಇ-ಡ್ರಾಯಿಂಗ್ಸ್ (3ಡಿ ಮಾಡೆಲ್ ತೆರೆದು ನೋಡುವ ತಂತ್ರಾಂಶ) ಫೈಲ್‌ಗೆ ಲಿಂಕ್ ಕೊಡಿ. ಅಲ್ಲಿ ಬಿಡಿಭಾಗ ಅಡಗಿಸಬಹುದು, ಅಡ್ಡಕೊಯ್ತವೂ ನೋಡಬಹುದು.

ಇನ್ನೊಂದು, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಪಿಪಿಟಿಎಕ್ಸ್, ಅಂದರೆ ಪವರ್‌ಪಾಯಿಂಟ್ ಉಳಿಸುವ ಫೈಲ್, ಸುಮ್ನೆ ಒಂದು ಜಿಪ್ ಫೈಲ್. ಹೆಸರು ಬದಲಿಸಿ ಬಿಚ್ಚಿದರೆ ಮೀಡಿಯಾ ಫೋಲ್ಡರ್‌ನಲ್ಲಿ ನಿಮ್ಮ ಮಾಡೆಲ್ ಕೂತಿರುತ್ತದೆ! ಯಾರು ಬೇಕಾದರೂ ಅದನ್ನು ತೆಗೆದುಕೊಳ್ಳಬಹುದು, ಹಾಗಾಗಿ ಮೇಲ್‌ನಲ್ಲಿ ಕಳಿಸುವುದಾದರೆ ಪಿಡಿಎಫ್ ಮಾಡಿಯೇ ಕಳಿಸಿ.