20 ದಿನದಲ್ಲಿ 8 ಮಂದಿಗೆ ಕ್ರೋಶಾ ಉಡುಗೊರೆ? ಮೊದಲು ದಾರದ ಬಾಲ ಎಣಿಸಿ

ನಾದಿನಿಯ ಕುಬಸಕ್ಕೆ (ಸೀಮಂತಕ್ಕೆ) ಯಾದಗಿರಿಗೆ ಹೋಗಬೇಕು, ಇನ್ನು 20 ದಿನ ಇದೆ, ಹುಟ್ಟೋ ಕೂಸಿಗೆ ಬಣ್ಣ ಬಣ್ಣದ ಗ್ರ್ಯಾನಿ ಸ್ಕ್ವೇರ್ (ನಡುವಿನಿಂದ ಸುತ್ತುತ್ತಾ ಹಾಕೋ ಸಣ್ಣ ಕ್ರೋಶಾ ಚೌಕ) ಜೋಡಿಸಿದ ಹೊದಿಕೆ, ಅದು ಬೇಗ ಆಗುತ್ತಂತೆ, ಮನೆಯ ಉಳಿದ ಏಳು ಮಂದಿಗೂ ಕೈಯಿಂದ ಮಾಡಿದ್ದು ಏನಾದರೂ ಕೊಡಬೇಕು, ಕ್ರೋಶಾ ಕಲಿತು ಎರಡೇ ತಿಂಗಳು, ನಿಟ್ಟಿಂಗ್ ಆದರೂ ನಡೆಯುತ್ತೆ, ಬೇಗ ಆಗೋ ಡಿಸೈನ್ ಹೇಳಿ ಅಂತ ಕೇಳಿದ್ದೀರಿ. ಓದುತ್ತಾ ಓದುತ್ತಾ ಎದೆ ಧಸಕ್ ಅಂತು. ಹೊದಿಕೆ ಬೇಡ. ದಯವಿಟ್ಟು ಬೇಡ.

ನಾನಿರೋದು ಕಲಬುರಗಿ, ತವರುಮನೆ ಬೀದರ್ ಜಿಲ್ಲೆಯ ಹುಮನಾಬಾದ್. 2018ರ ಕೊನೆಗೆ ತಂಗಿಗೆ ಗಂಡು ಮಗು ಆಯಿತು. ಚೊಚ್ಚಲ ಬಾಣಂತನ, ಅವ್ವನ ಮನೆಯಲ್ಲೇ. ತೊಟ್ಟಿಲ ಕಾರ್ಯ ಎಳ್ಳ ಅಮಾವಾಸ್ಯೆಯ ಮುಂದಿನ ವಾರ ಅಂತ ಅವ್ವ ಫೋನ್ ಮಾಡಿ ಹೇಳಿದಾಗ ನನ್ನ ಕೈಯಲ್ಲಿ 24 ದಿನ ಇತ್ತು. ಆಗ ತಾನೇ ಮೊಬೈಲ್ ನೋಡಿ ಗ್ರ್ಯಾನಿ ಸ್ಕ್ವೇರ್ ಕಲಿತಿದ್ದೆ. ಬೀದರ್ ಕಡೆ ಚಳಿ ಜಾಸ್ತಿ, ಕೂಸು ಬೆಚ್ಚಗೆ ಮಲಗಲಿ ಅಂತ ಹೊದಿಕೆ ಮಾಡೋಣ ಅಂದುಕೊಂಡೆ. ಸೂಪರ್ ಮಾರ್ಕೆಟ್‌ಗೆ ಹೋಗಿ ಹಳದಿ, ಕೆಂಪು, ಹಸಿರು, ಬಿಳಿ, ನಾಲ್ಕು ಬಣ್ಣದ ಅಕ್ರಿಲಿಕ್ ಉಲ್ಲನ್ ತಂದೆ.

ಲೆಕ್ಕ ಹಾಕಿದ್ದು ಹೀಗೆ. ಒಂದು ಚೌಕಕ್ಕೆ 25 ನಿಮಿಷ. ಉದ್ದಕ್ಕೆ 8, ಅಗಲಕ್ಕೆ 6, ಒಟ್ಟು 48 ಚೌಕ. ಅಂದರೆ 1200 ನಿಮಿಷ, 20 ಗಂಟೆ. ದಿನಕ್ಕೆ ಒಂದು ಗಂಟೆ ಕೂತರೆ 20 ದಿನ. ಇನ್ನೂ ನಾಲ್ಕು ದಿನ ಮಿಗುತ್ತೆ! ಗೋಡೆಯ ಕ್ಯಾಲೆಂಡರ್ ಮೇಲೆ ಪೆನ್ಸಿಲ್‌ನಿಂದ ಬರೆದಿಟ್ಟಿದ್ದೆ.

ನಾನು ಎಣಿಸದೇ ಬಿಟ್ಟದ್ದು ಬಾಲಗಳನ್ನು. ಹೊಸ ಬಣ್ಣ ಸೇರಿಸುವಾಗ ಒಂದು ತುದಿ ಉಳಿಯುತ್ತೆ, ಆ ಬಣ್ಣ ಮುಗಿಸಿ ಕತ್ತರಿಸುವಾಗ ಇನ್ನೊಂದು ತುದಿ. ಅದಕ್ಕೇ ನಾನು ಬಾಲ ಅನ್ನೋದು. ನಾಲ್ಕು ಬಣ್ಣದ ಒಂದು ಚೌಕಕ್ಕೆ 8 ಬಾಲ. 48 ಚೌಕಕ್ಕೆ 384. ಒಂದೊಂದನ್ನೂ ಮೊಂಡು ಸೂಜಿಗೆ ಪೋಣಿಸಿ ಹೆಣಿಗೆಯೊಳಗೆ ಅಡಗಿಸೋಕೆ ಎರಡು ನಿಮಿಷ ಅಂತ ಹಿಡಿದರೂ 768 ನಿಮಿಷ. ಹದಿಮೂರು ಗಂಟೆಗೆ ಹತ್ತಿರ ಹತ್ತಿರ! ಚೌಕ ಚೌಕ ಜೋಡಿಸೋ ಕೆಲಸ ಇದರಲ್ಲಿ ಸೇರಿಲ್ಲ. ಡಿಸೈನ್ ತೋರಿಸೋ ವಿಡಿಯೋಗಳಲ್ಲಿ ಈ ಭಾಗ ಕಾಣೋದೇ ಇಲ್ಲ. ಚೌಕ ಮುಗಿಯಿತು, ಮುಂದಿನ ಕ್ಷಣಕ್ಕೆ ಹೊದಿಕೆ ಹಾಸಿಗೆ ಮೇಲೆ ಇರುತ್ತೆ. ನೀವು "ಬೇಗ ಆಗುತ್ತಂತೆ" ಅಂತ ಬರೆದಿದ್ದೀರಲ್ಲ, ಅದು ಬಂದದ್ದು ಇಲ್ಲಿಂದಲೇ ಇರಬೇಕು.

ಎಳ್ಳ ಅಮಾವಾಸ್ಯೆಗೆ ಎರಡು ದಿನ ಹೋಯಿತು. ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಅಂತ ಹೊಲಕ್ಕೆ ಬುತ್ತಿ ಕಟ್ಟೋದರಲ್ಲಿ ಕಡ್ಡಿ ಮುಟ್ಟೋಕೆ ಆಗಲಿಲ್ಲ. ಚೌಕ ಜೋಡಿಸೋಕೆ ಮೂರು ರಾತ್ರಿ. ಹೊರಡೋ ಹಿಂದಿನ ದಿನ ಹೊದಿಕೆಯನ್ನು ತಿರುವಿ ನೋಡಿದರೆ ಹಿಂಬದಿ ತುಂಬ ಬಾಲ, ಮೇಕೆಯ ಗಡ್ಡ ಇದ್ದಹಾಗೆ. ಸೂಜಿಯಿಂದ ಅಡಗಿಸಿದ್ದು 60 ಇರಬಹುದು, ಅಷ್ಟೇ.

ಆ ರಾತ್ರಿ ಮಾಡಿದ್ದೇ ತಪ್ಪು. ಎರಡೆರಡು ಬಾಲ ಸೇರಿಸಿ ಗಂಟು ಹಾಕಿದೆ, ಅರ್ಧ ಇಂಚು ಬಿಟ್ಟು ಕತ್ತರಿಸಿದೆ. ರಾತ್ರಿ ಎರಡರವರೆಗೆ ಅದೇ ಕೆಲಸ. ಉಳಿದದ್ದನ್ನು ಮರುದಿನ ರೈಲಿನಲ್ಲಿ ಮಾಡಿದೆ. 2017ರಲ್ಲಿ ಬೀದರ್-ಕಲಬುರಗಿ ರೈಲು ಶುರುವಾದ ಮೇಲೆ ತವರಿಗೆ ಹೋಗೋದು ಅದರಲ್ಲೇ. ಕಮಲಾಪುರ ದಾಟಿತು, ಮರಗುತ್ತಿ ಸುರಂಗ ಬಂತು, ಕತ್ತಲಲ್ಲೂ ನನ್ನ ಬೆರಳು ಗಂಟು ಹಾಕುತ್ತಲೇ ಇತ್ತು. ಹುಮನಾಬಾದ್ ಬರೋ ಹೊತ್ತಿಗೆ ಹಿಂಬದಿ ನುಣ್ಣಗಾಗಿತ್ತು. ಮಡಿಲಲ್ಲಿ ಕತ್ತರಿಸಿದ ತುಂಡುಗಳ ಒಂದು ಹಿಡಿ ರಾಶಿ. ಆಗ ಎಷ್ಟು ಖುಷಿಯಾಗಿದ್ದೆ ಗೊತ್ತಾ?

ತೊಟ್ಟಿಲ ಕಾರ್ಯದಲ್ಲಿ ಎಲ್ಲರೂ ಹೊಗಳಿದರು. ತಂಗಿಯ ಅತ್ತೆ ಹೊದಿಕೆಯನ್ನು ಕೈಯಿಂದ ಕೈಗೆ ದಾಟಿಸಿ ತೋರಿಸಿದರು. ಅವ್ವ ಮಾತ್ರ ತಿರುವಿ ಹಿಂಬದಿ ನೋಡಿದಳು. ಅವ್ವ ಓದಿದವಳಲ್ಲ. ಆದರೆ ಬಿಳಿ ನೂಲಿನಲ್ಲಿ ಟೇಬಲ್ ಕವರ್, ಟಿವಿ ಕವರ್ ಎಲ್ಲ ಹಾಕಿದ ಕೈ. "ಎಷ್ಟ ಸಲ ದಾರ ಕಡಿದೀ ಯವ್ವಾ? ಕಡದಲ್ಲೆಲ್ಲಾ ಒಂದೊಂದು ಬಾಯಿ ಆಗ್ತದ" ಅಂದಳು. ನನಗೆ ಸಿಟ್ಟು ಬಂತು. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಹೀಗಂದಳಲ್ಲ ಅಂತ.

ಒಂದೂವರೆ ತಿಂಗಳ ಮೇಲೆ, ಹೊದಿಕೆ ಮೂರನೇ ಸಲ ಮಷಿನ್‌ಗೆ ಬಿದ್ದ ಮರುದಿನ, ಮಧ್ಯಾಹ್ನ ಮಲಗಿದ್ದ ಕೂಸು ಒಂದೇ ಸಮನೆ ಅಳೋಕೆ ಶುರು ಮಾಡಿತು. ಹಾಲು ಕುಡಿಸಿದರು, ಎತ್ತಿ ಓಡಾಡಿಸಿದರು, ಹೊಟ್ಟೆನೋವು ಇರಬೇಕು ಅಂದುಕೊಂಡರು. ಅವ್ವ ಬಟ್ಟೆ ಬಿಚ್ಚಿ ತಲೆಯಿಂದ ಕಾಲವರೆಗೆ ನೋಡಿದಳಂತೆ. ಎಡಗಾಲಿನ ಎರಡನೇ ಬೆರಳಿಗೆ ಹಳದಿ ದಾರ ಎರಡು ಸುತ್ತು ಸುತ್ತಿಕೊಂಡಿತ್ತು. ಬೆರಳು ಕೆಂಪಗೆ ಊದಿತ್ತು. ಸಣ್ಣ ಕತ್ತರಿಯಿಂದ ಬಿಡಿಸಿ, ತಕ್ಷಣ ಡಾಕ್ಟರ್ ಹತ್ತಿರ ಓಡಿದರು. ರಕ್ತ ಸರಿಯಾಗಿ ಓಡಾಡುತ್ತಿದೆ, ಹೊತ್ತಿಗೆ ನೋಡಿದಿರಿ ಅಂದರಂತೆ. ಎರಡು ದಿನ ಬೆರಳಿನ ಸುತ್ತ ಉಂಗುರದ ಹಾಗೆ ಗೆರೆ ಇತ್ತು. ತಂಗಿ ನನಗೆ ಒಂದು ಮಾತೂ ಅನ್ನಲಿಲ್ಲ. ಹೊದಿಕೆಯನ್ನು ಮಡಿಸಿ ಟ್ರಂಕಿನಲ್ಲಿ ಇಟ್ಟುಬಿಟ್ಟಳು.

ಆ ಗಂಟು ಯಾಕೆ ನಿಲ್ಲಲಿಲ್ಲ ಅಂತ ಬಿಡಿಸಿ ಹೇಳಲೇಬೇಕು, ಯಾಕಂದರೆ ಗಂಟು ಅಂದರೆ ಗಟ್ಟಿ ಅಂತ ನಾವೆಲ್ಲ ನಂಬಿರುತ್ತೇವೆ. ಅಕ್ರಿಲಿಕ್ ದಾರ ಜಾರುತ್ತೆ. ಕುರಿ ಉಣ್ಣೆಯ ದಾರದ ಹಾಗೆ ಒಂದಕ್ಕೊಂದು ಕಚ್ಚಿಕೊಳ್ಳಲ್ಲ. ಜೊತೆಗೆ ಕ್ರೋಶಾ ಬಟ್ಟೆ ನಾಲ್ಕೂ ಕಡೆ ಜಗ್ಗುತ್ತೆ. ಜಗ್ಗಿದಾಗಲೆಲ್ಲ ಗಂಟಿನೊಳಗಿನ ದಾರ ಒಂದೊಂದು ಎಳೆಯಷ್ಟು ಒಳಕ್ಕೆ ಸರಿಯುತ್ತೆ. ಹೊರಗೆ ಉಳಿದಿರೋದು ಅರ್ಧ ಇಂಚು ಮಾತ್ರ. ಅದು ಸರಿದು ಮುಗಿದರೆ ಗಂಟೇ ಇಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಚೌಕದ ನಡುವಿನ ಬಾಲ. ನಾನು ಪ್ರತಿ ಚೌಕವನ್ನೂ ಮ್ಯಾಜಿಕ್ ರಿಂಗ್‌ನಿಂದ ಶುರು ಮಾಡಿದ್ದೆ. ದಾರದ ಉಂಗುರ ಮಾಡಿ, ಅದರೊಳಗೆ ಹೆಣೆದು, ಬಾಲ ಎಳೆದು ಬಿಗಿ ಮಾಡೋದು. ಆ ಉಂಗುರ ಮುಚ್ಚಿಕೊಂಡಿರೋದೇ ಆ ಒಂದು ಬಾಲದ ಬಲದ ಮೇಲೆ. ಅದು ಜಾರಿದರೆ ನಡುವೆ ತೂತು ಬಾಯಿ ತೆರೆಯುತ್ತೆ, ದಾರ ಕುಣಿಕೆಯಾಗಿ ಹೊರಗೆ ಜೋತು ಬೀಳುತ್ತೆ. ಕೂಸಿನ ಬೆರಳಿಗೆ ಸಿಕ್ಕಿದ್ದು ಅಂಥದ್ದೇ ಒಂದು ಕುಣಿಕೆ. ಅವ್ವ ಅಂದ ಬಾಯಿ!

ಸರಿಯಾದ ಕ್ರಮ ಬಹಳ ಸುಲಭ. ಬಾಲ ಆರು ಇಂಚು ಬಿಡಿ. ಮೊಂಡು ಸೂಜಿಗೆ ಪೋಣಿಸಿ, ಹೆಣಿಗೆಯ ಎಳೆಗಳ ಒಳಗೆ ಎರಡು ಇಂಚು ಒಂದು ದಿಕ್ಕಿಗೆ ಎಳೆಯಿರಿ. ಒಂದು ಎಳೆ ಬಿಟ್ಟು ತಿರುಗಿ ವಾಪಸ್ ಬನ್ನಿ. ಮತ್ತೊಮ್ಮೆ ತಿರುಗಿ. ಎರಡು ಸಲ ದಿಕ್ಕು ಬದಲಿಸಿದ ದಾರ ಸುಮ್ನೆ ಬಿಚ್ಚಿ ಬರಲ್ಲ. ಮ್ಯಾಜಿಕ್ ರಿಂಗ್ ಆದರೆ ಬಾಲವನ್ನು ಉಂಗುರದ ಸುತ್ತ ಎರಡು ಸುತ್ತು ಹಾಕಿಸಿ. ಆಮೇಲೆ, ಉಡುಗೊರೆ ಕೊಡೋ ಮುಂಚೆ ನೀವೇ ಒಂದು ಸಲ ಒಗೆದು, ನಾಲ್ಕೂ ಕಡೆ ಜಗ್ಗಿ ನೋಡಿ. ನಾನು ಒಗೆದು ನೋಡಿದ್ದರೆ ಅದು ನಮ್ಮ ಮನೆಯಲ್ಲೇ ಬಿಚ್ಚಿಕೊಳ್ಳುತ್ತಿತ್ತು.

ಹಾಗಾಗಿ "ಬೇಗ ಆಗೋ ಡಿಸೈನ್ ಯಾವುದು" ಅನ್ನೋ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಕೇಳಬೇಕಾದ್ದು "ಎಷ್ಟು ಬಾಲ" ಅಂತ. ಒಂದೇ ಬಣ್ಣ, ಒಂದೇ ಉಂಡೆ, ಶುರುವಿಗೆ ಒಂದು ಬಾಲ, ಮುಗಿಯೋವಾಗ ಒಂದು. ಅವ್ವನ ಬಿಳಿ ಕವರ್‌ಗಳು ಇವತ್ತಿಗೂ ಗಟ್ಟಿಯಾಗಿರೋದು ಅದಕ್ಕೇ. ಅಗಲವಾದ ಕವರ್ ಆದರೂ ನಡುವಿನಿಂದ ಅಂಚಿನವರೆಗೆ ಒಂದೇ ನೂಲು ಸುತ್ತಿಕೊಂಡು ಹೋಗಿರುತ್ತೆ. ನಮ್ಮ ಕಡೆ ಮನೆಮನೆಯ ಬಾಗಿಲಿಗೆ ಕಾಣೋ ಉಲ್ಲನ್ ತೋರಣ ನನಗೂ ಇಷ್ಟ. ಆದರೆ ಹೂವಿಗೊಂದು ಬಣ್ಣ, ಎಲೆಗೊಂದು ಬಣ್ಣ, ಬಾಲಗಳ ಹಬ್ಬ. 20 ದಿನದಲ್ಲಿ ಅದರ ಹತ್ತಿರ ಹೋಗಬೇಡಿ.

ಇನ್ನೊಂದು ಮಾತು. ಕುಬಸಕ್ಕೆ ಕೂಸಿನ ಸಾಮಾನು ಯಾಕೆ? ಹುಟ್ಟೋ ಮುಂಚೆ ಕೂಸಿಗೆ ಅಂತ ಏನೂ ತರಬಾರದು ಅನ್ನೋ ಮನೆಗಳು ನಮ್ಮ ಕಡೆ ಬಹಳ ಇವೆ. ನಿಮ್ಮ ಅತ್ತೆಯವರನ್ನು ಒಂದು ಮಾತು ಕೇಳಿಬಿಡಿ. ಕುಬಸ ಬಸುರಿಯದು. ಅವಳಿಗೆ ಕೊಡಿ. ಕೂಸಿನದನ್ನು ತೊಟ್ಟಿಲ ಕಾರ್ಯಕ್ಕೆ ಇಟ್ಟುಕೊಳ್ಳಿ, ಅಷ್ಟರಲ್ಲಿ ನಿಮಗೆ ತಿಂಗಳುಗಟ್ಟಲೆ ಟೈಮ್ ಸಿಗುತ್ತೆ, ಕೈಯೂ ಪಳಗಿರುತ್ತೆ.

ನಾದಿನಿಗೆ ನಾನಾದರೆ ನೀರಿನ ಬಾಟಲಿಯ ಚೀಲ ಹಾಕುತ್ತಿದ್ದೆ. ಹತ್ತಿ ನೂಲಿನದು. ಬೇಸಿಗೆಯಲ್ಲಿ ಕಲಬುರಗಿ, ಯಾದಗಿರಿ 40 ಡಿಗ್ರಿ ದಾಟುತ್ತವೆ, ಬಸುರಿ ಹೆಂಗಸಿನ ಕೈಯಲ್ಲಿ ಸದಾ ನೀರು ಇರಬೇಕು. ತಳಕ್ಕೆ ಬಾಟಲಿಯ ಅಗಲದ ಒಂದು ದುಂಡನೆ ಬಿಲ್ಲೆ, ಆಮೇಲೆ ಹೆಚ್ಚಿಸದೆ ಸಿಂಗಲ್ ಕ್ರೋಶಾದಲ್ಲಿ (ಗಿಡ್ಡ ಸಾದಾ ಹೊಲಿಗೆ) ಸುತ್ತುತ್ತಾ ಮೇಲಕ್ಕೆ ಹೋಗೋದು. ಅಂಚಿಗೆ ಬಂದ ಮೇಲೆ ದಾರ ಕಡಿಯಬೇಡಿ, ಅಲ್ಲಿಂದಲೇ ಐದು ಹೊಲಿಗೆ ಅಗಲದ ಪಟ್ಟಿ ಹೆಣೆಯುತ್ತಾ ಹೋಗಿ ಎದುರು ಅಂಚಿಗೆ ಸೇರಿಸಿ. ಬಾಟಲಿಯ ಭಾರಕ್ಕೆ ಪಟ್ಟಿ ಜಗ್ಗಿ ಉದ್ದವಾಗುತ್ತೆ, ಹೆಗಲಿಗೆ ಬೇಕಾದ್ದಕ್ಕಿಂತ ನಾಲ್ಕು ಬೆರಳು ಗಿಡ್ಡ ಮಾಡಿ. ಚೀಲವನ್ನು ಒದ್ದೆ ಮಾಡಿ ಹಿಂಡಿ ಬಾಟಲಿಗೆ ಹಾಕಿದರೆ ಗಾಳಿಗೆ ಆರುತ್ತಾ ಆರುತ್ತಾ ನೀರನ್ನು ತಂಪಾಗಿಡುತ್ತೆ. ಮಣ್ಣಿನ ಗಡಿಗೆಗೆ ಒದ್ದೆ ಬಟ್ಟೆ ಸುತ್ತೋ ಹಾಗೆಯೇ. ನಿಮ್ಮ ಕೈಗೆ ಐದು ಗಂಟೆ ಹಿಡಿಯಬಹುದು.

ಮನೆಯ ಮೂವರು ದೊಡ್ಡವರಿಗೆ ಬಿಸಿ ಪಾತ್ರೆ ಹಿಡಿಯೋ ದಪ್ಪ ಬಟ್ಟೆ. 18 ಸೆಂಟಿಮೀಟರ್ ಅಗಲ, 36 ಉದ್ದದ ಪಟ್ಟಿ ಹೆಣೆದು, ನಡುವೆ ಮಡಿಸಿ, ಅದೇ ದಾರದಿಂದ ಅಂಚು ಕೂಡಿಸಿಬಿಡಿ. ಇದಕ್ಕೆ ಹತ್ತಿ ನೂಲೇ ಆಗಬೇಕು, ಬೇರೆ ಮಾತೇ ಇಲ್ಲ. ಅಕ್ರಿಲಿಕ್ ಬಿಸಿಗೆ ಕರಗಿ ಕೈಗೆ ಅಂಟುತ್ತೆ. ಕೊಡುವಾಗ ಒದ್ದೆ ಇದ್ದಾಗ ಬಳಸಬೇಡಿ ಅಂತಲೂ ಹೇಳಿ, ಒದ್ದೆ ಬಟ್ಟೆಯಲ್ಲಿ ಬಿಸಿ ತಕ್ಷಣ ಕೈಗೆ ದಾಟುತ್ತೆ. ಉಳಿದ ನಾಲ್ಕು ಹುಡುಗಿಯರಿಗೆ ಕೂದಲಿಗೆ ಹಾಕೋ ರಬ್ಬರ್ ಬ್ಯಾಂಡ್. ಅಂಗಡಿಯ ಸಾದಾ ಬ್ಯಾಂಡಿನ ಸುತ್ತ ಒಂದು ಸುತ್ತು ಸಿಂಗಲ್, ಮುಂದಿನ ಸುತ್ತಿನಲ್ಲಿ ಪ್ರತಿ ಹೊಲಿಗೆಗೆ ಮೂರು ಡಬಲ್ ಕ್ರೋಶಾ (ಕಡ್ಡಿಗೆ ದಾರ ಒಂದು ಸಲ ಸುತ್ತಿ ಹಾಕೋ ಉದ್ದ ಹೊಲಿಗೆ). ನೆರಿಗೆ ತಾನಾಗೇ ಬರುತ್ತೆ. ಒಂದಕ್ಕೆ 40 ನಿಮಿಷ.

ಎಂಟು ಉಡುಗೊರೆ, 16 ಬಾಲ. ಅರ್ಧ ಗಂಟೆಯಲ್ಲಿ ಎಲ್ಲವನ್ನೂ ಸೂಜಿಯಿಂದ ಅಡಗಿಸಿ ಮುಗಿಸಬಹುದು.

ನಿಟ್ಟಿಂಗ್ ಈಗ ಶುರು ಮಾಡಬೇಡಿ. ಕ್ರೋಶಾದಲ್ಲಿ ಕಡ್ಡಿಯ ಮೇಲೆ ಇರೋದು ಒಂದೇ ಕುಣಿಕೆ, ತಪ್ಪಿದರೆ ಅಷ್ಟೇ ಬಿಚ್ಚಿದರೆ ಸಾಕು. ನಿಟ್ಟಿಂಗ್‌ನಲ್ಲಿ ಇಡೀ ಸಾಲು ಕಡ್ಡಿಯ ಮೇಲೆ ಇರುತ್ತೆ, ಒಂದು ಮನೆ (ಕುಣಿಕೆ) ಜಾರಿದರೆ ಕೆಳಗಿನವರೆಗೂ ಬಿಚ್ಚಿಕೊಂಡು ಹೋಗುತ್ತೆ. ಮೊದಲೇ ಬರುತ್ತಿದ್ದರೆ ಎಲ್ಲ ಸಾಲೂ ಸೀದಾ ಹಾಕಿ. ಒಂದು ಸಾಲು ಸೀದಾ, ಒಂದು ಉಲ್ಟಾ ಹಾಕಿದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತೆ.

ತೊಟ್ಟಿಲ ಕಾರ್ಯಕ್ಕೆ ಒಂದು ಟೊಪ್ಪಿಗೆ ಹಾಕಿ. ತಂಗಿಯ ಎರಡನೇ ಮಗುವಿಗೆ ನಾನು ಕೊಟ್ಟದ್ದು ಅದೇ, ಬಿಳಿ ಹತ್ತಿಯದು. ಅವ್ವ ಅದನ್ನು ಒಳಗು ಹೊರಗು ಮಾಡಿ, ಬೆರಳಿನಿಂದ ಸವರಿ ಸವರಿ ಬಾಲ ಹುಡುಕಿದಳು. ಸಿಗಲಿಲ್ಲ. ಆಮೇಲೆ ತಾನೇ ಕೂಸಿನ ತಲೆಗೆ ಹಾಕಿದಳು. ಅಳತೆ ಬರೆದಿಟ್ಟುಕೊಳ್ಳಿ: ಹುಟ್ಟಿದ ಕೂಸಿನ ತಲೆ ಸುತ್ತಳತೆ ಸುಮಾರು 35 ಸೆಂಟಿಮೀಟರ್, ಮೂರು ತಿಂಗಳಿಗೆ 40ರ ಹತ್ತಿರ. ಮೂರು ತಿಂಗಳ ಕೂಸಿಗೆ ನೆತ್ತಿಯ ಬಿಲ್ಲೆ 12 ಸೆಂಟಿಮೀಟರ್ ಅಗಲ ಆಗೋವರೆಗೆ ಹೆಚ್ಚಿಸುತ್ತಾ ಹೋಗಿ, ಅಲ್ಲಿಂದ ನೇರ ಕೆಳಗೆ. ಗುಂಡಿ, ಮಣಿ, ಕಟ್ಟೋ ದಾರ ಯಾವುದೂ ಬೇಡ. ಮಲಗಿಸುವಾಗ ತೆಗೆದಿಡೋಕೆ ತಾಯಿಗೆ ಹೇಳಿ.

ನೂಲು ತರುವಾಗ ಚೀಲಕ್ಕೆ ಒಂದು ಉಂಡೆ ಸಾಲದೆ ಎರಡು ಬೇಕಾದರೆ (ಆಗ ಎರಡು ಬಾಲ ಹೆಚ್ಚಾಗುತ್ತೆ) ಎರಡನ್ನೂ ಒಂದೇ ಸಲಕ್ಕೆ, ಒಂದೇ ಲಾಟ್ ನಂಬರಿನವು, ಅಂದರೆ ಒಟ್ಟಿಗೆ ಬಣ್ಣ ಹಾಕಿದವು, ನೋಡಿ ತನ್ನಿ. ಆಮೇಲೆ ಹೋದರೆ ಅದೇ ಬಣ್ಣ ಅಂತ ಕೊಟ್ಟರೂ ಛಾಯೆ ಬೇರೆ ಬರುತ್ತೆ. 4 ಎಂ.ಎಂ. ಕಡ್ಡಿ ನಿಮ್ಮ ಹತ್ತಿರ ಇದ್ದರೆ ಇವತ್ತೇ ಒಂದು ರಬ್ಬರ್ ಬ್ಯಾಂಡ್ ಹಾಕಿ ನೋಡಿ. ಎಷ್ಟು ಹೊತ್ತು ಹಿಡಿಯಿತು ಅಂತ ಗಡಿಯಾರ ನೋಡಿ ಬರೆದುಕೊಳ್ಳಿ, ಬಾಲ ಅಡಗಿಸಿದ್ದೂ ಸೇರಿಸಿ.