ಮಂಡ್ಯದ ಠಾಣೆಯಲ್ಲಿ ತಮ್ಮನಿಗೆ ಹೊಡೆದಿದ್ದಾರೆ, ಹೇಗ್‌ನ ಅಂತಾರಾಷ್ಟ್ರೀಯ ಕೋರ್ಟಿಗೆ ಹೋಗಬಹುದೇ?

ಆಗುವುದಿಲ್ಲ. ಅಲ್ಲಿನ ಕ್ರಿಮಿನಲ್ ಕೋರ್ಟ್ ವಿಚಾರಿಸುವುದು ಯುದ್ಧಾಪರಾಧ, ನರಮೇಧದಂಥ ಪ್ರಕರಣಗಳನ್ನು. ಭಾರತ ಅದರ ಸದಸ್ಯನೂ ಅಲ್ಲ. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ ನಮ್ಮ ದೇಶ ಅದನ್ನು ಅನುಮೋದಿಸಿಲ್ಲ. ಇದು ನಾಚಿಕೆಗೇಡು.

ದಾರಿ ಇರುವುದು ಮಂಡ್ಯದ ಕೋರ್ಟಿನಲ್ಲೇ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಹೊಡೆದಿದ್ದಾರೆಂದು ತಮ್ಮ ಆಗಲೇ ಬಾಯಿಬಿಟ್ಟು ಹೇಳಿ ದಾಖಲಿಸಲಿ. ಪಕ್ಕದಲ್ಲಿ ಪೊಲೀಸರಿದ್ದಾರೆಂದು ಹೆದರಿ ಸುಮ್ಮನಾದರೆ ಕೇಸು ಅಲ್ಲೇ ಸೊರಗುತ್ತದೆ. ಬಿಎನ್‌ಎಸ್‌ಎಸ್ (ಬಂಧನ, ತನಿಖೆ, ವಿಚಾರಣೆಯ ವಿಧಾನ ಹೇಳುವ ಕಾನೂನು) 53ನೇ ಸೆಕ್ಷನ್ ಪ್ರಕಾರ ಸರ್ಕಾರಿ ವೈದ್ಯರು ಗಾಯದ ಗುರುತು, ಅದಾದ ಅಂದಾಜು ಸಮಯ ಬರೆಯಬೇಕು. ಪ್ರತಿ ಕೇಳಿ ಪಡೆಯಿರಿ. 'ಗಾಯವಿಲ್ಲ' ಎಂದು ಒಂದೇ ಗೆರೆ ಗೀಚಿದ್ದರೆ, ಬಾಸುಂಡೆ ಮಾಸುವ ಮೊದಲೇ ವಕೀಲರಿಂದ ಮರುಪರೀಕ್ಷೆಗೆ ಅರ್ಜಿ ಹಾಕಿಸಿ. ತಪ್ಪೊಪ್ಪಿಸಲು ಹೊಡೆದವರಿಗೆ ಬಿಎನ್‌ಎಸ್ (ಅಪರಾಧ, ಶಿಕ್ಷೆಗಳನ್ನು ಹೇಳುವ ಕಾನೂನು) 120ನೇ ಸೆಕ್ಷನ್ ಅಡಿ 7 ವರ್ಷ, ತೀವ್ರ ಗಾಯವಾದರೆ 10 ವರ್ಷದವರೆಗೆ ಜೈಲಿದೆ.