ಚೆನ್ನಾಗಿದ್ದದ್ದು ಆಟವೋ, ನಮ್ಮ ವಯಸ್ಸೋ?

ಪ್ರಿಯರೇ,

ದಾವಣಗೆರೆಯಿಂದ ನೀವು ಬರೆದ ಪತ್ರ ಕೈಸೇರಿದೆ. ಉಳಿದ ಓದುಗರಿಗೂ ಗೊತ್ತಾಗಲೆಂದು ಅದರ ಸಾರವನ್ನು ಮೊದಲು ಹೇಳಿಬಿಡುತ್ತೇನೆ. ಟಿವಿಗೆ ಸಿಕ್ಕಿಸಿದರೆ ನೂರಾರು ಹಳೆಯ ವಿಡಿಯೋ ಗೇಮ್ ತೆರೆದಿಡುವ ಪುಟ್ಟ ಪೆಟ್ಟಿಗೆಯೊಂದನ್ನು ನೀವು ಆನ್‌ಲೈನ್‌ನಲ್ಲಿ ತರಿಸಿದ್ದೀರಿ. ನಿಮ್ಮ ಬೇಸಿಗೆ ರಜೆಗಳನ್ನೆಲ್ಲ ನುಂಗಿದ್ದ ಮಾರಿಯೋ, ಕಾಂಟ್ರಾಗಳನ್ನು ಮಗಳಿಗೆ ತೋರಿಸುವ ಆಸೆ. ಅವಳು ಸ್ವಲ್ಪ ಹೊತ್ತು ಆಡಿ, "ಇದರಲ್ಲಿ ಏನಿದೆ ಅಪ್ಪಾ?" ಎಂದು ಎದ್ದು ಹೋದಳು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ನಿಮಗೂ ಬೇಸರ ಬಂದದ್ದು. ಮಾರಿಯೋ "ಮೊದಲಿನ ಹಾಗೆ ಎಗರುತ್ತಿಲ್ಲ" ಎಂದು ಬರೆದಿದ್ದೀರಿ. ಆ ಆಟಗಳು ನಿಜಕ್ಕೂ ಚೆನ್ನಾಗಿದ್ದವೇ, ಇಲ್ಲ ನಮ್ಮ ವಯಸ್ಸು ಚೆನ್ನಾಗಿತ್ತೇ ಎಂಬುದು ನಿಮ್ಮ ಮುಖ್ಯ ಪ್ರಶ್ನೆ. ಹಳೆಯ ಆಟಗಳ ಹೊಸ ಆವೃತ್ತಿಗೆ ದುಡ್ಡು ಹಾಕಬಹುದೇ, ನಡುನಡುವೆ ಸೇವ್ ಮಾಡಿಕೊಂಡು ಆಡಿದರೆ ಮೋಸವೇ ಎಂದು ಇನ್ನೆರಡು ಕೇಳಿದ್ದೀರಿ.

ಮಾರಿಯೋ ಎಗರದಿರುವುದರಿಂದಲೇ ಶುರು ಮಾಡೋಣ. ತಪ್ಪು ಬಹುಶಃ ಮಾರಿಯೋನದ್ದೂ ಅಲ್ಲ, ನಿಮ್ಮ ಬೆರಳಿನದ್ದೂ ಅಲ್ಲ, ಟಿವಿಯದು. ಹಿಂದಿನ ಡಬ್ಬಾ ಟಿವಿಗೆ ಸಿಗ್ನಲ್ ಬಂದ ಹಾಗೇ ಗೆರೆಗೆರೆಯಾಗಿ ಪರದೆಯ ಮೇಲೆ ಬೀಳುತ್ತಿತ್ತು. ಇಂದಿನ ಟಿವಿ ಚಿತ್ರವನ್ನು ತಡೆದು, ಹಿಗ್ಗಿಸಿ, ನುಣುಪು ಮಾಡಿ ಆಮೇಲೆ ತೋರಿಸುತ್ತದೆ. ಸಿನಿಮಾ ನೋಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಹಳ್ಳದ ಅಂಚಿನಲ್ಲಿ ಬಟನ್ ಒತ್ತುವವನಿಗೆ ಆ ಚೂರು ತಡಕ್ಕೇ ಒಂದು ಲೈಫ್, ಅಂದರೆ ಆಟದಲ್ಲಿನ ಒಂದು ಜೀವ, ಹೋಗಿಬಿಡುತ್ತದೆ. ಸೆಟ್ಟಿಂಗ್‌ನಲ್ಲಿ "ಗೇಮ್ ಮೋಡ್" ಇದ್ದರೆ ಹಾಕಿ ನೋಡಿ, ಅರ್ಧ ಬೇಸರ ಅಲ್ಲೇ ಕಳೆಯಬಹುದು.

ಚಿತ್ರದ ಕಥೆಯೂ ಅಷ್ಟೇ. 1991ರ ಸೋನಿಕ್ ಆಟದ ಜಲಪಾತವನ್ನು ಒತ್ತೊತ್ತಾದ ಉದ್ದಗೆರೆಗಳಲ್ಲಿ ಬಿಡಿಸಿದ್ದರು. ಹಳೆಯ ಟಿವಿಯ ಮಸುಕಿನಲ್ಲಿ ಗೆರೆಗಳು ಕಲೆತು ಪಾರದರ್ಶಕ ನೀರಾಗುತ್ತಿದ್ದವು. ಈಗಿನ ಚೊಕ್ಕ ಪರದೆಯಲ್ಲಿ ನೀರಿಲ್ಲ, ಬರೀ ಗೆರೆ. ಆಟಿಕೆ ಬಂದೂಕಿನಿಂದ ಬಾತುಕೋಳಿ ಹೊಡೆಯುವ 'ಡಕ್ ಹಂಟ್' ಅಂತೂ ಹೊಸ ಟಿವಿಯಲ್ಲಿ ಆಡಲು ಬರುವುದೇ ಇಲ್ಲ. ಬಂದೂಕಿನ ಕುದುರೆ (ಟ್ರಿಗರ್) ಎಳೆದ ಕೂಡಲೇ ಪರದೆ ಕ್ಷಣ ಕಪ್ಪಾಗಿ, ಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚುತ್ತಿತ್ತು. ಬಂದೂಕಿನ ಮೂತಿಯೊಳಗಿನ ಬೆಳಕಿನ ಸೆನ್ಸರ್ ಅದನ್ನು ಹಿಡಿಯುತ್ತಿತ್ತು. ಆ ಲೆಕ್ಕವೆಲ್ಲ ಹಳೆಯ ಟಿವಿಯ ವೇಗಕ್ಕೆ ಹೊಂದಿಸಿದ್ದು. ನಿಮ್ಮ ಬಂದೂಕು ಕೆಟ್ಟಿಲ್ಲ.

ಇನ್ನು ಆಟಗಳಿಗೆ ಬರುತ್ತೇನೆ. ಎಲ್ಲ ಹಳೆಯ ಆಟವನ್ನೂ ಒಂದೇ ಗಂಟು ಕಟ್ಟಿ 'ಕ್ಲಾಸಿಕ್' ಎಂದು ಅಟ್ಟದ ಮೇಲಿಡುವುದು ನನಗೆ ಒಗ್ಗುವುದಿಲ್ಲ. ಮತ್ತೆ ಆಡಿ ನೋಡಿದರೆ ಕೆಲವು ಇವತ್ತಿಗೂ ಗಟ್ಟಿ, ಕೆಲವು ಜೊತೆಗಾರನಿದ್ದರೆ ಮಾತ್ರ ಆಟ, ಕೆಲವು ನೆನಪಿನಲ್ಲೇ ಇದ್ದರೆ ಕ್ಷೇಮ.

1985ರ ಸೂಪರ್ ಮಾರಿಯೋ ಬ್ರದರ್ಸ್ ಗಟ್ಟಿ ಎನ್ನುವ ಸಾಲಿನದು. ಮೊದಲ ಲೆವೆಲ್ಲಿನ ಮೊದಲ ಅರ್ಧ ನಿಮಿಷವನ್ನೇ ಗಮನಿಸಿ. ಮಾರಿಯೋ ಎಡಗಡೆ ನಿಂತಿದ್ದಾನೆ, ಬಲಗಡೆ ಬಯಲು. ಎತ್ತ ಹೋಗಬೇಕೆಂದು ಯಾರೂ ಹೇಳಬೇಕಾಗಿಲ್ಲ. ಎದುರಿಂದ ಕಂದು ಬಣ್ಣದ ಅಣಬೆಮೋರೆಯ ಜೀವಿ ಬರುತ್ತದೆ. ಎಗರದಿದ್ದರೆ ಸತ್ತಿರಿ, ಆದರೆ ಕಳೆದದ್ದು ಕೆಲವೇ ಸೆಕೆಂಡು. ಮುಂದೆ ಪ್ರಶ್ನಾರ್ಥಕ ಚಿಹ್ನೆಯ ಇಟ್ಟಿಗೆಗೆ ತಲೆ ಗುದ್ದಿದರೆ ನಿಜವಾದ ಅಣಬೆ ಹೊರಬರುತ್ತದೆ. ಈಗಷ್ಟೇ ಅಂಥದ್ದೇ ಒಂದು ಕೊಂದಿದೆ, ಹಾಗಾಗಿ ಹೊಸಬರು ಹೆದರಿ ತಪ್ಪಿಸಿಕೊಳ್ಳಲು ನೋಡುತ್ತಾರೆ. ಅಣಬೆ ಬಲಕ್ಕೆ ಸರಿದು, ಕೊಳವೆಗೆ ಬಡಿದು, ವಾಪಸು ನಮ್ಮ ಕಡೆಗೇ ಬರುತ್ತದೆ. ಗಾಬರಿಯಲ್ಲಿ ಎಗರಿದರೆ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅದರ ಮೇಲೆಯೇ ಬೀಳುವ ಸಂಭವ ಹೆಚ್ಚು. ಬಿದ್ದರೆ ಮಾರಿಯೋ ದೊಡ್ಡವನಾಗುತ್ತಾನೆ. ಇದು ತನಗೆ ತಾನೇ ಆದದ್ದಲ್ಲ, ಹೀಗೇ ಆಗಲೆಂದು ಆಟ ರೂಪಿಸಿದ ಶಿಗೆರು ಮಿಯಾಮೊಟೊ ಮತ್ತು ತಂಡದವರು ಜೋಡಿಸಿದ್ದು. ಒಂದಕ್ಷರದ ಸೂಚನೆಯಿಲ್ಲದೆ ಶತ್ರು, ಮಿತ್ರ, ಎಗರು, ಗುದ್ದು ಎಲ್ಲ ಪಾಠವೂ ಮುಗಿಯಿತು. ಇಡೀ ಆಟ ಹಿಡಿಸಿದ್ದು ಬರೀ 40 ಕಿಲೋಬೈಟ್‌ನಲ್ಲಿ. ಇವತ್ತು ವಾಟ್ಸಾಪಿನಲ್ಲಿ ಬರುವ ಶುಭೋದಯದ ಚಿತ್ರವೇ ಅದಕ್ಕಿಂತ ಭಾರ. ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ.

ಹಾಗೆಂದು ಮಾರಿಯೋನನ್ನು ಪೂಜೆಗೆ ಕೂರಿಸುವುದಿಲ್ಲ. 4-4, 7-4ರ (ನಾಲ್ಕನೇ ಮತ್ತು ಏಳನೇ ವರ್ಲ್ಡ್‌ಗಳ ನಾಲ್ಕನೇ ಲೆವೆಲ್ಲಿನ) ಕೋಟೆಗಳಲ್ಲಿ ಸರಿದಾರಿ ಹಿಡಿಯದಿದ್ದರೆ ಅದೇ ಜಾಗ ಸುತ್ತಿ ಸುತ್ತಿ ಬರುತ್ತದೆ, ಯಾವುದು ಸರಿ ಎಂಬ ಸುಳಿವೇ ಇಲ್ಲ. ಮೊದಲ ಲೆವೆಲ್ಲಿನಲ್ಲಿ ಅಷ್ಟು ಜಾಣತನ ತೋರಿದವರು ಇಲ್ಲಿ ಕಣ್ಣಾಮುಚ್ಚಾಲೆ ಆಡಿಸಿದ್ದಾರೆ. ಎಲ್ಲ ಲೈಫ್ ಮುಗಿದ ಮೇಲೆ 'ಎ' ಬಟನ್ ಹಿಡಿದು ಸ್ಟಾರ್ಟ್ ಒತ್ತಿದರೆ ಸತ್ತ ವರ್ಲ್ಡ್‌ನಿಂದಲೇ ಮತ್ತೆ ಆರಂಭಿಸಬಹುದಿತ್ತು. ನಮ್ಮೂರುಗಳಿಗೆ ಬಂದ ನಕಲಿ ವಿಡಿಯೋ ಗೇಮ್ ಸೆಟ್ಟುಗಳಲ್ಲಿ ಆಡಿದವರಿಗೆ ಅದನ್ನು ಹೇಳುವವರೇ ಇರಲಿಲ್ಲ. ಎಷ್ಟು ಮಕ್ಕಳು 1-1ಕ್ಕೆ ವಾಪಸಾಗಿ ಕಣ್ಣೀರಿಟ್ಟರೋ!

ಕಾಂಟ್ರಾ ಬೇರೆ ಜಾತಿ. ಜಪಾನಿನ ಕೊನಾಮಿ ಕಂಪನಿಯ ಈ ಆಟ 1987ರಲ್ಲಿ ನಾಣ್ಯ ಹಾಕುವ ಯಂತ್ರದಲ್ಲಿ ಬಂತು, ಮರುವರ್ಷ ಮನೆಯ ಟಿವಿಗೆ. ಒಬ್ಬರೇ ಕೂತು ಆಡಿ ನೋಡಿ, ಅರ್ಧ ಗಂಟೆಯಲ್ಲಿ ಸಾಕೆನಿಸುತ್ತದೆ. ಓಡು, ಮಲಗು, ಸುಡು, ಅಷ್ಟೇ. ಪಕ್ಕದಲ್ಲಿ ಇನ್ನೊಬ್ಬ ಇದ್ದರೆ ಅದೇ ಆಟಕ್ಕೆ ಜೀವ ಬರುತ್ತದೆ. ಮೂರನೇ ಲೆವೆಲ್ಲಿನ ಜಲಪಾತದಲ್ಲಿ ಒಬ್ಬ ಆತುರಪಟ್ಟು ಮೇಲೆ ಹಾರಿದರೆ ಪರದೆಯೂ ಮೇಲಕ್ಕೆ ಸರಿದು ಕೆಳಗಿದ್ದವನು ಸಾಯುತ್ತಾನೆ. ಒಮ್ಮೆಗೇ ಹಲವು ಗುಂಡು ಹರಡುವ 'ಎಸ್' ಗನ್ ಬಿದ್ದರೆ ಇಬ್ಬರೂ ಅದರ ಮೇಲೆ ಮುಗಿಬೀಳುತ್ತಾರೆ. ಜಗಳ ನಡೆಯುವುದು ಪರದೆಯ ಹೊರಗೆ. ನೀವು ಪತ್ರದಲ್ಲಿ ನೆನೆದಿರುವ ಕಾಂಟ್ರಾದಲ್ಲಿ ನಿಮ್ಮ ಅಣ್ಣ ಇದ್ದಾರೆ. ಪೆಟ್ಟಿಗೆಯಲ್ಲಿ ಬಂದ ಕಾಂಟ್ರಾದಲ್ಲಿ ಅವರಿಲ್ಲ. ಇಲ್ಲಿ ನಿಮ್ಮ ಪ್ರಶ್ನೆಗೆ ಉತ್ತರ, ಆಟವೂ ಅಲ್ಲ, ವಯಸ್ಸೂ ಅಲ್ಲ, ಜೊತೆಗಾರ.

30 ಲೈಫಿನ ಮಂತ್ರ ನೆನಪಿದೆಯಲ್ಲ? ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಅದನ್ನು ಮೊದಲು ಹಾಕಿದ್ದು ಕೊನಾಮಿಯ ಕಜುಹಿಸ ಹಶಿಮೊಟೊ, 1986ರಲ್ಲಿ, 'ಗ್ರೇಡಿಯಸ್' ಎಂಬ ಇನ್ನೊಂದು ಆಟದಲ್ಲಿ. ಪರೀಕ್ಷೆ ಮಾಡಬೇಕಾಗಿದ್ದ ಅವರಿಗೇ ಆ ಆಟ ಮುಗಿಸಲು ಕಷ್ಟವಾಗಿತ್ತು! ಹಾಗಾಗಿ "ನಮ್ಮ ಕಾಲದ ಆಟ ಕಷ್ಟ, ನಾವು ಗಟ್ಟಿಗರು" ಎಂದು ಯಾರಾದರೂ ಮೀಸೆ ತಿರುವಿದರೆ ನನಗೆ ನಗು ಬರುತ್ತದೆ. ಆ ಕಷ್ಟದ ದೊಡ್ಡ ಪಾಲು ವ್ಯಾಪಾರದ್ದು. ಯಂತ್ರದ ಮುಂದಿನ ಹುಡುಗ ಬೇಗ ಸತ್ತರೆ ತಾನೇ ಇನ್ನೊಂದು ನಾಣ್ಯ ಬೀಳುವುದು? ಅಮೆರಿಕದಲ್ಲಿ ಕ್ಯಾಸೆಟ್ ಬಾಡಿಗೆಗೆ ಸಿಗುತ್ತಿದ್ದುದರಿಂದ, ವಾರಾಂತ್ಯದಲ್ಲೇ ಆಡಿ ಮುಗಿಸಿಬಿಟ್ಟರೆ ಕೊಳ್ಳುವವರಾರು ಎಂಬ ಚಿಂತೆಯೂ ಇತ್ತು. 1994ರ 'ಕಾಂಟ್ರಾ ಹಾರ್ಡ್ ಕೋರ್'ನಲ್ಲಿ ಜಪಾನಿನ ಮಕ್ಕಳು ಮೂರು ಏಟು ತಿಂದರೆ ಒಂದು ಲೈಫ್ ಹೋಗುತ್ತಿತ್ತು. ಅಮೆರಿಕದ ಮಕ್ಕಳಿಗೆ ಒಂದೇ ಏಟು.

ನನಗೆ ಇವತ್ತಿಗೂ ಬಿಡಲಾರದ ಆಟವೆಂದರೆ ಪ್ರಿನ್ಸ್ ಆಫ್ ಪರ್ಷಿಯಾ. ಜೋರ್ಡನ್ ಮೆಕ್ನರ್ 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಮಾಡಿದ್ದು. ನಮ್ಮ ಕಂಪ್ಯೂಟರ್ ಕ್ಲಾಸುಗಳಿಗೆ ಫ್ಲಾಪಿಯಲ್ಲಿ ಬಂದದ್ದು ಮರುವರ್ಷದ ಡಾಸ್ ಆವೃತ್ತಿ, ಅಂದರೆ ಆಗಿನ ಪಿಸಿಗಳಿಗೆ ಮಾಡಿದ್ದು. ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದೇ ಚಿತ್ರವನ್ನು ಕಂಪ್ಯೂಟರಿಗೆ ಇಳಿಸಿದರು. ಅದಕ್ಕೇ ರಾಜಕುಮಾರನಿಗೆ ಮೈಭಾರವಿದೆ. ಓಡುತ್ತಿದ್ದವನು ಗಕ್ಕನೆ ನಿಲ್ಲುವುದಿಲ್ಲ, ಒಂದು ಹೆಜ್ಜೆ ಜಾರುತ್ತಾನೆ. ಹಾರಲು ಹೇಳಿದ ಮೇಲೆ ನಡುವೆ ಮನಸ್ಸು ಬದಲಿಸಲಾಗದು. ಇದು ನಿಧಾನ ಎಂದು ಇಂದಿನ ಮಕ್ಕಳು ಗೊಣಗುತ್ತಾರೆ. ನಿಧಾನವೇ ಇದರ ಆಟ. ಶಿಫ್ಟ್ ಹಿಡಿದು ಒಂದೊಂದೇ ಹೆಜ್ಜೆ ಇಡುತ್ತ ಅಂಚಿಗೆ ಬಂದು, ಈ ಕಂದಕ ನಿಂತಲ್ಲಿಂದ ಹಾರುವಷ್ಟೋ, ಓಡಿ ಬಂದು ಹಾರುವಷ್ಟೋ ಎಂದು ಲೆಕ್ಕ ಹಾಕಬೇಕು. ಲೆಕ್ಕ ತಪ್ಪಿದರೆ ಕೆಳಗೆ ಮುಳ್ಳುಗಳು, ಜೊತೆಗೆ ಓಡುತ್ತಿರುವ ಅರವತ್ತು ನಿಮಿಷದ ಗಡಿಯಾರ. ಸತ್ತಾಗ ಬೈಯಲು ಬೇರೆ ಯಾರೂ ಸಿಗುವುದಿಲ್ಲ. ಒಳ್ಳೆಯ ಆಟವನ್ನು ನಾನು ಗುರುತಿಸುವುದು ಹೀಗೇ.

ನಾಲ್ಕನೇ ಲೆವೆಲ್ಲಿನ ಕನ್ನಡಿಯನ್ನು ನೋಡಿ. ಬಂದ ದಾರಿಯಲ್ಲೇ ಹಿಂದಿರುಗುವಾಗ ಮೊದಲಿಲ್ಲದ ಕನ್ನಡಿಯೊಂದು ಅಡ್ಡ ನಿಂತಿರುತ್ತದೆ. ಓಡಿ ಬಂದು ಅದರೊಳಗೇ ಹಾರಬೇಕು. ನಾವು ಆಚೆ ಬೀಳುತ್ತೇವೆ, ನಮ್ಮದೇ ನೆರಳು ಈಚೆ ಹಾರಿ ಓಡಿಹೋಗುತ್ತದೆ. ಮುಂದೆ ಅದು ನಮ್ಮ ಔಷಧಿ ಕುಡಿದು ಹೋಗುತ್ತದೆ, ದಾಟಬೇಕಾದ ಬಾಗಿಲು ಮುಚ್ಚಿಬಿಡುತ್ತದೆ. ಈ ನೆರಳು ಹುಟ್ಟಿದ್ದು ಬಡತನದಿಂದ. ಆಪಲ್ 2ರ ಮೆಮೊರಿಯಲ್ಲಿ ಹೊಸ ಪಾತ್ರಕ್ಕೆ ಜಾಗವಿರಲಿಲ್ಲ. ರಾಜಕುಮಾರನ ಚಿತ್ರವನ್ನೇ ಒಂದು ಬಿಟ್ ಪಕ್ಕಕ್ಕೆ ಸರಿಸಿ ಅದರ ಮೇಲೆಯೇ ಹೇರಿದಾಗ ಮಿಣಮಿಣ ಮಿನುಗುವ ಆಕೃತಿ ಮೂಡಿತು. ಆಟದ ಅತ್ಯುತ್ತಮ ಪಾತ್ರ ಅದೇ. ಕೊಂಕೂ ಇದೆ. ಸೇವ್ ಮಾಡಿದರೆ ಉಳಿದ ಸಮಯವೂ ಹಾಗೇ ಸೇವ್ ಆಗುತ್ತದೆ. ಕೊನೆಯ ಲೆವೆಲ್ಲುಗಳಿಗೆ ಎರಡು ನಿಮಿಷ ಇಟ್ಟುಕೊಂಡು ಬಂದವನಿಗೆ ಮೊದಲಿಂದ ಶುರು ಮಾಡುವುದೊಂದೇ ದಾರಿ. ಹೈಸ್ಕೂಲ್ ಹುಡುಗನಿಗೆ ಅದು ಸಾಹಸ, ಮನೆ ಸಾಲದ ಕಂತು ಕಟ್ಟುವವನಿಗೆ ಶಿಕ್ಷೆ.

ನೆನಪಿನಲ್ಲೇ ಇರಲಿ ಎಂದೆನಲ್ಲ, ಅದಕ್ಕೆ ಉದಾಹರಣೆ ಊರು ಕಟ್ಟಿ, ಸೈನ್ಯ ಬೆಳೆಸಿ ಯುದ್ಧ ಮಾಡುವ 1997ರ ಏಜ್ ಆಫ್ ಎಂಪೈರ್ಸ್. ಮೂಲ ಆವೃತ್ತಿಯಲ್ಲಿ 50 ಜನ ಆದರೆ ಮುಗಿಯಿತು. ಐದು ಹಳ್ಳಿಗರು ಬೇಕೆಂದು ಒಟ್ಟಿಗೆ ಹೇಳಿಡುವಂತಿಲ್ಲ; ಒಬ್ಬ ಹುಟ್ಟುವ ತನಕ ಕಾದು ಮತ್ತೆ ಒತ್ತಬೇಕು. ಆನೆಯೊಂದು ಮರದ ಸಂದಿಯಲ್ಲಿ ಸಿಕ್ಕಿಕೊಂಡು ಅಲ್ಲೇ ಕುಣಿಯುತ್ತದೆ. ಆಗ ಹೇಗೆ ಸಹಿಸಿದೆವೋ. ಎರಡೇ ವರ್ಷಕ್ಕೆ ಬಂದ ಎರಡನೇ ಭಾಗ ಮಾತ್ರ ಇವತ್ತಿಗೂ ಜನ ಪಂದ್ಯ ಕಟ್ಟಿ ಆಡುವ ಆಟ; 2019ರಲ್ಲಿ ಹೊಸ ರೂಪ ಪಡೆಯಿತು, 2022ರಲ್ಲಿ ಅದಕ್ಕೆ ದ್ರಾವಿಡರು, ಬಂಗಾಳಿಗಳು, ಗುರ್ಜರರೂ ಸೇರಿದರು.

ಹೊಸ ಆವೃತ್ತಿಗೆ ದುಡ್ಡು ಹಾಕಬಹುದೇ ಎಂದಿರಿ. ಬಂದ ವಾರವೇ ಹಾಕಬೇಡಿ. 2021ರಲ್ಲಿ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಸರಣಿಯ ಮೂರು ಹಳೆಯ ಆಟಗಳನ್ನು ಹೊಸದಾಗಿ ಮಾಡಿ ಬಿಟ್ಟಾಗ ಕಂಪನಿಯೇ ಕ್ಷಮೆ ಕೇಳಬೇಕಾಯಿತು. ದೋಷಗಳ ಪಟ್ಟಿ ಉದ್ದವಿದೆ, ನನಗೆ ಕುತೂಹಲ ಹುಟ್ಟಿಸಿದ್ದು ಒಂದೇ, ಮಂಜು. ಆ ಮೂರರಲ್ಲೊಂದಾದ ಸ್ಯಾನ್ ಆಂಡ್ರಿಯಾಸ್‌ನ ಹಳೆಯ ರೂಪದಲ್ಲಿ ದೂರದ್ದೆಲ್ಲ ಮಬ್ಬಾಗಿತ್ತು. ಯಂತ್ರಕ್ಕೆ ಅಷ್ಟು ದೂರ ಬಿಡಿಸುವ ಶಕ್ತಿ ಇರಲಿಲ್ಲ. ಹೊಸದರಲ್ಲಿ ಮಂಜು ತೆಗೆದರು. ಬೆಟ್ಟದ ತುದಿಯಲ್ಲಿ ನಿಂತರೆ ದೊಡ್ಡ ರಾಜ್ಯವೆಂದು ನಂಬಿದ್ದು ಇಷ್ಟೇ ಇಷ್ಟು ಎಂದು ಪೂರ್ತಿ ಕಂಡುಬಿಟ್ಟಿತು. 2024ರ ಅಪ್‌ಡೇಟ್‌ನಲ್ಲಿ ಹಳೆಯ ವಾತಾವರಣವನ್ನು ಮತ್ತೆ ತಂದರು. ಒಂದು ಬಟನ್ ಒತ್ತಿ ಹಳೆಯ ರೂಪ, ಹೊಸ ರೂಪ ಅದಲುಬದಲು ಮಾಡುವ ಸೌಲಭ್ಯ ಕೊಟ್ಟವರ ಮೇಲೆ ನನಗೆ ನಂಬಿಕೆ ಜಾಸ್ತಿ. 2011ರಲ್ಲಿ ಹೊಸ ರೂಪದಲ್ಲಿ ಬಂದ ಹೇಲೋ ಆಟ ಹಾಗಿತ್ತು.

ಸೇವ್ ಮಾಡಿಕೊಂಡು ಆಡುವುದು ಮೋಸವಲ್ಲ. ಮಾರಿಯೋ ಮಾಡಿದ ನಿಂಟೆಂಡೊ ಕಂಪನಿಯೇ ತನ್ನ ಹಳೆಯ ಆಟಗಳಿಗೆ ಹಿಂದಕ್ಕೆ ತಿರುಗಿಸುವ ಗುಂಡಿ ಕೊಟ್ಟಿದೆ. ನಾಣ್ಯಕ್ಕಾಗಿ ಕೊಲ್ಲುವ ಆಟದಲ್ಲಿ ಧಾರಾಳವಾಗಿ ಬಳಸಿ. ಪ್ರತಿ ಹಾರಿಕೆಗೂ ಸೇವ್ ಮಾಡುವ ಚಾಳಿ ಹತ್ತಿಸಿಕೊಂಡರೆ ಮಾತ್ರ ಪ್ರಿನ್ಸ್‌ನಂಥ ಆಟ ಸಪ್ಪೆಯಾಗುತ್ತದೆ.

ಇನ್ನು ಮಗಳ ಪ್ರಶ್ನೆ. ಅವಳು ಕೇಳಿದ್ದು ನ್ಯಾಯವಾಗಿದೆ, ಉತ್ತರ ಕೊಡಬೇಕಾದದ್ದು ಆಟ, ನೀವಲ್ಲ. ನನಗೆ ಅನುಮಾನ ಇರುವುದು ಆ ನೂರಾರು ಆಟದ ಪಟ್ಟಿಯ ಮೇಲೆ. ನಿಮ್ಮಲ್ಲಿ ಇದ್ದದ್ದು ಒಂದೋ ಎರಡೋ ಕ್ಯಾಸೆಟ್. ಬೇಸರವಾದರೂ ಅದನ್ನೇ ಆಡಬೇಕಿತ್ತು, ಆಡುತ್ತ ಆಡುತ್ತ ಒಳಗು ತಿಳಿಯಿತು. "9999 ಇನ್ 1" ಎಂದು ಬರೆದ ಕ್ಯಾಸೆಟ್ಟಿನಲ್ಲೂ ಇದ್ದದ್ದು ಹೆಸರು ಬದಲಿಸಿದ ಅವೇ ನಾಲ್ಕಾರು ಆಟ. ಈಗ ಒಂದು ಸಲ ಸತ್ತರೆ ಪಟ್ಟಿಗೆ ವಾಪಸು, ಮುಂದಿನದು. ಅಂದ ಹಾಗೆ, ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಅನುಮತಿಯಿಲ್ಲದ ನಕಲು. ಕೊಂಡವರನ್ನೇ ದೂರಿ ಫಲವಿಲ್ಲ: ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ. 87ರಷ್ಟು ಅಂಗಡಿಯಲ್ಲಿ ಸಿಗುವುದಿಲ್ಲ ಎಂದು 2023ರ ಅಧ್ಯಯನವೊಂದು ತೋರಿಸಿದೆ.

ಹೊಸ ತಲೆಮಾರಿಗೆ ಹಳೆಯ ಆಟ ಹಿಡಿಸುವುದಿಲ್ಲ ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ಮೇಲಿಂದ ಬೀಳುವ ಇಟ್ಟಿಗೆಗಳನ್ನು ಸಂದಿಲ್ಲದೆ ಜೋಡಿಸುವ 1989ರ ನಿಂಟೆಂಡೊ ಟೆಟ್ರಿಸ್ ಅನ್ನು ಆಟವೇ ಸ್ತಬ್ಧವಾಗುವ ತನಕ ಆಡಿದ ಮೊದಲ ಮನುಷ್ಯ, 2023ರ ಡಿಸೆಂಬರಿನಲ್ಲಿ, 13 ವರ್ಷದ ಅಮೆರಿಕದ ಹುಡುಗ. ಅವನಿಗೆ ಆ ಆಟದ ಕಾಲದ ಯಾವ ನೆನಪೂ ಇರಲು ಸಾಧ್ಯವಿಲ್ಲ. ಆದ್ದರಿಂದ ಮಗಳಿಗೆ ಮೊದಲು ಟೆಟ್ರಿಸ್ ಕೊಡಿ, ಪಟ್ಟಿ ತೋರಿಸಬೇಡಿ. ಅದು ಹಿಡಿಸಿದರೆ ಲ್ಯಾಪ್‌ಟಾಪಿನಲ್ಲಿ ಪ್ರಿನ್ಸ್ ಹಾಕಿಕೊಡಿ. ಅಭಿಮಾನಿಗಳು ಡಾಸ್ ಆವೃತ್ತಿಯನ್ನು ಇಂದಿನ ಕಂಪ್ಯೂಟರಿಗೆ ಹೊಂದಿಸಿಟ್ಟಿದ್ದಾರೆ. ಶಿಫ್ಟ್ ಕೀ ಏನು ಮಾಡುತ್ತದೆ ಎಂಬುದಷ್ಟನ್ನು ಹೇಳಿ, ಕನ್ನಡಿಯ ವಿಷಯ ಎತ್ತಬೇಡಿ. ಕಾಂಟ್ರಾ ಮಾತ್ರ ನಿಮ್ಮ ಅಣ್ಣ ಊರಿಗೆ ಬಂದಾಗ ಆಡಿ.

– ಸಂಪಾದಕ